ಮಾತ್ರೆ ಬಿಡಬೇಡಿ, ನೋವು ಮುಚ್ಚಿಡಬೇಡಿ



ರಕ್ತದಲ್ಲಿ ಕೊಲೆಸ್ಟರಾಲ್ ಎಂಬ ಕೊಬ್ಬು ಇದೆ. ಅದು ಹೆಚ್ಚಾದರೆ ರಕ್ತನಾಳದಲ್ಲಿ ಕಟ್ಟಿಕೊಳ್ಳುತ್ತದೆ. ಎದೆನೋವು ಬರಬಹುದು. ಲಕ್ವ ಹೊಡೆಯಬಹುದು. ಅದಕ್ಕೇ ಡಾಕ್ಟರು ನನಗೆ ಅಟೊರ್ವಾಸ್ಟಾಟಿನ್ ಮಾತ್ರೆ ಕೊಟ್ಟರು.

ಕೆಲವು ವಾರ ಆಯ್ತು. ಎರಡೂ ತೊಡೆ ನೋವು. ಗದ್ದೆ ಕೆಲಸದ ನೋವು ಅಂದುಕೊಂಡೆ. ಪಕ್ಕದ ಮನೆಯಾಕೆ, "ಮಾತ್ರೆ ಬಿಟ್ಟುಬಿಡಕ್ಕಾ" ಅಂದಳು. ಬಿಟ್ಟರೆ ಕೊಬ್ಬು ಮತ್ತೆ ಏರುತ್ತದೆ. ನಾನು ಡಾಕ್ಟರನ್ನೇ ಕೇಳಿದೆ. ಅವರು ರಕ್ತ ಪರೀಕ್ಷೆ ಮಾಡಿಸಿದರು. 40ರ ಮಾತ್ರೆ ಬದಲು 20ರ ಮಾತ್ರೆ ಬರೆದರು. ನೋವು ಇಳಿಯಿತು.

ಎಲ್ಲರಿಗೂ ಹೀಗಾಗುವುದಿಲ್ಲ. ಆದರೆ ಮೈಕೈ ತುಂಬಾ ನೋವು, ಸುಸ್ತು ಬಂದರೆ, ಮೂತ್ರ ಹಾಲಿಲ್ಲದ ಟೀ ಬಣ್ಣಕ್ಕೆ ತಿರುಗಿದರೆ, ಕಣ್ಣು ಹಳದಿಯಾದರೆ ಅಂದೇ ಆಸ್ಪತ್ರೆಗೆ ಹೋಗಿ. ಬಸುರಿಯಾದರೂ ತಕ್ಷಣ ತಿಳಿಸಿ.

ಈಗ ನಿಮಗೆ ಓದು ಬರುತ್ತೆ. ಮಾತ್ರೆಯ ಹೆಸರು ಬರೆದಿಟ್ಟುಕೊಳ್ಳಿ. ಡಾಕ್ಟರನ್ನು ಕೇಳಲು ನಾಚಿಕೆ ಬೇಡ.