ಚಾಮರಾಜನಗರಕ್ಕೆ ಬಂದರೆ ಕುರ್ಚಿ ಹೋಗುತ್ತಾ?

ಮುಖ್ಯಮಂತ್ರಿ ಆದವರು ಚಾಮರಾಜನಗರಕ್ಕೆ ಕಾಲಿಟ್ಟರೆ ಕುರ್ಚಿ ಹೋಗುತ್ತೆ ಅನ್ನೋ ಮಾತನ್ನ ನೀವೂ ಕೇಳಿರ್ತೀರಿ. ಇದು ಬರೀ ಕಟ್ಟೆ ಮೇಲಿನ ಮಾತಲ್ಲ. 1997ರಲ್ಲಿ ಮೈಸೂರಿಂದ ಬೇರೆಯಾಗಿ ಚಾಮರಾಜನಗರ ಹೊಸ ಜಿಲ್ಲೆ ಆಯ್ತಲ್ಲ, ಆಗ ಮುಖ್ಯಮಂತ್ರಿ ಜೆ.ಎಚ್. ಪಟೇಲರು ಅದನ್ನ ಉದ್ಘಾಟನೆ ಮಾಡಿದ್ದು ಜಿಲ್ಲಾ ಕೇಂದ್ರದಲ್ಲಲ್ಲ, ಮಲೆ ಮಹದೇಶ್ವರ ಬೆಟ್ಟದಲ್ಲಿ. ಆಮೇಲೂ ಎಷ್ಟೋ ಮುಖ್ಯಮಂತ್ರಿಗಳು ಈ ಊರಿನ ಕಡೆ ತಲೆ ಹಾಕಲಿಲ್ಲ.

ಈ ನಂಬಿಕೆಗೆ ಸಾಕ್ಷಿ ಅಂತ ಒಂದಷ್ಟು ಹೆಸರು ಹೇಳ್ತಾರೆ: ದೇವರಾಜ ಅರಸು, ಗುಂಡೂರಾವ್, ರಾಮಕೃಷ್ಣ ಹೆಗಡೆ, ಎಸ್.ಆರ್. ಬೊಮ್ಮಾಯಿ, ವೀರೇಂದ್ರ ಪಾಟೀಲ್. ಇವರೆಲ್ಲ ಅಧಿಕಾರ ಕಳ್ಕೊಂಡಿದ್ದು ನಿಜ. ಆದರೆ ಯಾಕೆ?

ಅರಸು ಇಂದಿರಾ ಗಾಂಧಿಯವರ ಜೊತೆ ಮುರಿದುಕೊಂಡರು, 1980ರಲ್ಲಿ ಶಾಸಕರು ಅವರನ್ನ ಬಿಟ್ಟು ಹೋದರು. ಗುಂಡೂರಾವ್ ಅವರನ್ನ 1983ರಲ್ಲಿ ಮತದಾರರೇ ಮನೆಗೆ ಕಳಿಸಿದರು. ಹೆಗಡೆ 1988ರಲ್ಲಿ ಟೆಲಿಫೋನ್ ಕದ್ದಾಲಿಕೆ ಪ್ರಕರಣದಲ್ಲಿ ರಾಜೀನಾಮೆ ಕೊಟ್ಟರು. ವೀರೇಂದ್ರ ಪಾಟೀಲರ ಕಥೆ ಕೇಳಿ: 1989ರಲ್ಲಿ ಕಾಂಗ್ರೆಸ್ 224ರಲ್ಲಿ 178 ಸ್ಥಾನ ಗೆದ್ದಿತ್ತು. ಒಂದೇ ವರ್ಷಕ್ಕೆ ರಾಜೀವ್ ಗಾಂಧಿ ಬೆಂಗಳೂರು ವಿಮಾನ ನಿಲ್ದಾಣದಲ್ಲಿ ನಿಂತು, ಮುಖ್ಯಮಂತ್ರಿ ಬದಲಾಗ್ತಾರೆ ಅಂದುಬಿಟ್ಟರು. ಆ 178 ಸ್ಥಾನ ಕೊಟ್ಟ ಜನರನ್ನ ಯಾರೂ ಒಂದು ಮಾತು ಕೇಳಲಿಲ್ಲ.

ಬೊಮ್ಮಾಯಿ ವಿಚಾರ ಇನ್ನೂ ಮುಖ್ಯ. 1989ರ ಏಪ್ರಿಲ್‌ನಲ್ಲಿ ಬೆಂಬಲ ವಾಪಸ್ ಅಂತ ಕೆಲವು ಶಾಸಕರ ಪತ್ರ ರಾಜ್ಯಪಾಲರ ಕೈ ಸೇರಿತು. ಸದನದಲ್ಲೇ ಬಹುಮತ ತೋರಿಸ್ತೀನಿ, ಅವಕಾಶ ಕೊಡಿ ಅಂತ ಬೊಮ್ಮಾಯಿ ಕೇಳಿದರು. ಕೊಡಲಿಲ್ಲ. ಸರ್ಕಾರ ವಜಾ ಆಯ್ತು. ಬಹುಮತ ತೀರ್ಮಾನ ಆಗಬೇಕಾದ್ದು ರಾಜಭವನದಲ್ಲಲ್ಲ, ಸದನದಲ್ಲಿ ಅಂತ ಸುಪ್ರೀಂ ಕೋರ್ಟ್ ಹೇಳೋ ಹೊತ್ತಿಗೆ 1994 ಆಗಿತ್ತು. ಇವತ್ತು ದೇಶದ ಯಾವ ರಾಜ್ಯದಲ್ಲಿ ಸರ್ಕಾರ ಅಲ್ಲಾಡಿದರೂ ವಕೀಲರು ಎತ್ತಿ ತೋರಿಸೋದು ಈ ತೀರ್ಪನ್ನೇ.

ಅಂದರೆ ಕುರ್ಚಿ ಕಿತ್ತುಕೊಂಡ ಕೈಗಳು ಹೆಚ್ಚಾಗಿ ದೆಹಲಿಯಲ್ಲೂ ರಾಜಭವನದಲ್ಲೂ ಇದ್ದವು. ನಾವು ಮಾತ್ರ ಅಪವಾದವನ್ನ ಒಂದು ಬಡ ಊರಿನ ತಲೆಗೆ ಕಟ್ಟಿದೆವು. ರಾಜಕೀಯ ಸಂಸ್ಕೃತಿ ಅಂತಾರಲ್ಲ, ಅದು ಇದೇ. ಅಧಿಕಾರ ಯಾರು ಕೊಡ್ತಾರೆ, ಯಾಕೆ ಹೋಗುತ್ತೆ ಅನ್ನೋದರ ಬಗ್ಗೆ ಜನರ ಮನಸ್ಸಲ್ಲಿ ಬೇರೂರಿರೋ ನಂಬಿಕೆ ಮತ್ತು ರೂಢಿ.

ಅಧಿಕಾರ ಮೇಲಿನವರದ್ದು, ನಾವು ಕೇಳ್ಕೊಳ್ಳೋರಷ್ಟೇ ಅನ್ನೋ ಈ ರೂಢಿಗೆ ನಮ್ಮಲ್ಲಿ ಹಳೇ ಬೇರಿದೆ. ಮೈಸೂರು ಸಂಸ್ಥಾನದಲ್ಲಿ 1881ರಲ್ಲೇ ದಿವಾನ್ ರಂಗಾಚಾರ್ಲು ಪ್ರಜಾಪ್ರತಿನಿಧಿ ಸಭೆ ಶುರು ಮಾಡಿದರು. ಮೊದಲ ಸಭೆಗೆ 144 ಜನ ಸದಸ್ಯರು. ದಿವಾನರು ಆಡಳಿತದ ವರದಿ ಓದೋರು, ಸದಸ್ಯರು ಎದ್ದು ನಿಂತು ಕೆರೆ, ರಸ್ತೆ, ಕಂದಾಯ ಅಂತ ಅರಿಕೆ ಮಾಡ್ಕೊಳ್ಳೋರು. ಆ ಕಾಲಕ್ಕೆ ಅದು ದೊಡ್ಡ ಹೆಜ್ಜೆ, ಅದರ ಬಗ್ಗೆ ನನಗೆ ಹೆಮ್ಮೆಯಿದೆ. ಆದರೆ ದಿವಾನರನ್ನ ಇಳಿಸೋ ಅಧಿಕಾರ ಆ ಸಭೆಗೆ ಇರಲಿಲ್ಲ. ಜವಾಬ್ದಾರಿ ಸರ್ಕಾರ ಬರೋದಕ್ಕೆ 1947ರ 'ಮೈಸೂರು ಚಲೋ' ಚಳವಳಿಯೇ ಬೇಕಾಯ್ತು. ಅಕ್ಟೋಬರ್‌ನಲ್ಲಿ ಕೆ.ಸಿ. ರೆಡ್ಡಿ ಮುಖ್ಯಮಂತ್ರಿ ಆದರು. ಅರಿಕೆ ಮಾಡೋ ಅಭ್ಯಾಸ ಮಾತ್ರ ಅಲ್ಲಿಗೇ ನಿಲ್ಲಲಿಲ್ಲ. ಶಾಸಕರ ಮನೆ ಮುಂದೆ ಅರ್ಜಿ ಹಿಡಿದು, ಚಪ್ಪಲಿ ಹೊರಗೆ ಬಿಟ್ಟು ನಿಲ್ಲೋರನ್ನ ಇವತ್ತೂ ನೋಡಬಹುದು.

ಹಾಗಂತ ಜನರ ಸ್ವಭಾವವೇ ಇಷ್ಟು, ಬದಲಾಗಲ್ಲ ಅನ್ನೋರ ಮಾತನ್ನ ನಾನು ಒಪ್ಪಲ್ಲ. ಆಲ್ಮಂಡ್ ಮತ್ತು ವರ್ಬಾ ಅನ್ನೋ ವಿದ್ವಾಂಸರು 1963ರಲ್ಲಿ ಐದು ದೇಶಗಳ ಅಧ್ಯಯನ ಪ್ರಕಟಿಸಿದರು. ಪಶ್ಚಿಮ ಜರ್ಮನಿಯ ಜನ ಮತ ಹಾಕ್ತಾರೆ, ಆದರೆ ಅಧಿಕಾರದ ಮುಂದೆ ಇನ್ನೂ ಆಳಿಸಿಕೊಳ್ಳೋರ ಹಾಗೇ ಇದ್ದಾರೆ ಅಂತ ಅದರಲ್ಲಿ ಕಂಡಿತ್ತು. ಮುಂದೆ ಇಪ್ಪತ್ತು ವರ್ಷದೊಳಗೆ ಅದೇ ಜನ ಪ್ರಶ್ನೆ ಕೇಳೋದನ್ನ ಕಲಿತಿದ್ದರು.

ನಮ್ಮಲ್ಲೂ ಅಷ್ಟೇ, ಚಾಮರಾಜನಗರ ಜಿಲ್ಲೆಯ ಗುಂಡ್ಲುಪೇಟೆಯನ್ನೇ ನೋಡಿ. 1957ರಲ್ಲೇ ಕೆ.ಎಸ್. ನಾಗರತ್ನಮ್ಮ ಅವರನ್ನ ಪಕ್ಷೇತರರಾಗಿ ಗೆಲ್ಲಿಸಿದ ಕ್ಷೇತ್ರ ಇದು. ಒಟ್ಟು ಏಳು ಸಲ ಗೆದ್ದರು, 1972ರಲ್ಲಿ ರಾಜ್ಯದ ಮೊದಲ ಮಹಿಳಾ ಸ್ಪೀಕರ್ ಆದರು. ಅಂಥವರನ್ನೂ ಇದೇ ಜನ 1978ರಲ್ಲಿ ಸೋಲಿಸಿದರು, ಮತ್ತೆ ಗೆಲ್ಲಿಸಿದರು. ಆಮೇಲೆ ಎಚ್.ಎಸ್. ಮಹದೇವಪ್ರಸಾದ್ ಸತತ ಐದು ಸಲ ಗೆದ್ದರು. ಅವರು ತೀರಿಹೋದ ಮೇಲೆ 2017ರಲ್ಲಿ ಪತ್ನಿ ಗೆದ್ದರು, 2018ರಲ್ಲಿ ಸೋತರು, 2023ರಲ್ಲಿ ಮಗ ಗೆದ್ದರು. ಮನೆತನದ ಮೇಲಿನ ಅಭಿಮಾನ ಇಲ್ಲಿದೆ, ಬೇಡ ಅನ್ನಿಸಿದಾಗ ಇಳಿಸೋ ಕೈಯೂ ಇದೆ.

2004ರ ವಿಧಾನಸಭಾ ಚುನಾವಣೆಯಲ್ಲಿ ಇದೇ ಜಿಲ್ಲೆಯ ಸಂತೇಮರಹಳ್ಳಿ ಕ್ಷೇತ್ರದಲ್ಲಿ ಆರ್. ಧ್ರುವನಾರಾಯಣ ಅವರಿಗೆ 40,752 ಮತ, ಎ.ಆರ್. ಕೃಷ್ಣಮೂರ್ತಿ ಅವರಿಗೆ 40,751. ಒಂದೇ ಒಂದು ಮತ. ಕುರ್ಚಿ ಎಲ್ಲಿಂದ ಬರುತ್ತೆ ಅಂತ ಇದಕ್ಕಿಂತ ಬಿಡಿಸಿ ಹೇಳೋದು ಹೇಗೆ? ಇನ್ನು ಆ ಹಳೇ ನಂಬಿಕೆಯ ಮಾತಿಗೆ ಬಂದರೆ, ಸಿದ್ದರಾಮಯ್ಯ ಮುಖ್ಯಮಂತ್ರಿಯಾಗಿ 2013ರಿಂದ ಚಾಮರಾಜನಗರಕ್ಕೆ ಮತ್ತೆ ಮತ್ತೆ ಬಂದರು, ಐದು ವರ್ಷ ಪೂರ್ತಿ ಆಳಿದರು.

ನನಗೆ ಈಗ ಚಿಂತೆ ಇರೋದು ಬೇರೆ ಕುರ್ಚಿಗಳ ಬಗ್ಗೆ. ರಾಜ್ಯದಲ್ಲಿ ಜಿಲ್ಲಾ, ತಾಲ್ಲೂಕು ಪಂಚಾಯಿತಿಗಳಿಗೆ 2016ರಲ್ಲಿ ಚುನಾವಣೆ ಆಯ್ತು. 2021ಕ್ಕೆ ಅವಧಿ ಮುಗೀತು. ಆಮೇಲೆ ವರ್ಷಗಟ್ಟಲೆ ಚುನಾವಣೆಯೇ ಇಲ್ಲ, ಅಧಿಕಾರಿಗಳದ್ದೇ ಆಡಳಿತ. ಗುಂಡ್ಲುಪೇಟೆಯ ತಾಲ್ಲೂಕು ಪಂಚಾಯಿತಿಯಲ್ಲಿ ನಿಮ್ಮ ಊರಿನ ಪರವಾಗಿ ಕೂರಬೇಕಾದವರ ಕುರ್ಚಿಯೂ ಇದರಲ್ಲಿ ಸೇರಿತ್ತು. ಅದು ಯಾಕೆ ಖಾಲಿಯಾಯ್ತು, ಯಾರು ಖಾಲಿ ಇಟ್ಟರು ಅಂತ ಮುಂದಿನ ಸಲ ನಿಮ್ಮ ಶಾಸಕರು ಊರಿಗೆ ಬಂದಾಗ ಎದುರು ನಿಂತು ಕೇಳಿ.