ಆಸ್ಪತ್ರೆಯ ಹಾಸಿಗೆಯಲ್ಲೂ ಮಗು ಮಗುವೇ

(ವಿದ್ಯಾರ್ಥಿವೇತನ ವಿತರಣಾ ಸಮಾರಂಭದಲ್ಲಿ ನಿವೃತ್ತ ಶಿಕ್ಷಕಿಯೊಬ್ಬರು ಮಾಡಿದ ಭಾಷಣ)



ಇಂದು ನಾನು ಅಂಕಗಳ ಬಗ್ಗೆ ಮಾತನಾಡುವುದಿಲ್ಲ. ನಾನು ಮಾಡಿದ ಒಂದು ತಪ್ಪನ್ನು ಹೇಳುತ್ತೇನೆ.

ನನ್ನ ಐದನೇ ತರಗತಿಯ ಹುಡುಗನೊಬ್ಬನಿಗೆ ರಕ್ತದ ಕ್ಯಾನ್ಸರ್ ಬಂತು. ರೋಗಿಯನ್ನು ನೋಡಿ ಬರುವುದು ಸುನ್ನತ್ ಅಲ್ಲವೇ? ಹಣ್ಣು, ಗಣಿತದ ಪುಸ್ತಕ ಹಿಡಿದು ಹೋದೆ. ಬೆನ್ನಿಗೆ ಸೂಜಿ ಚುಚ್ಚಲು ಕರೆದಾಗ ಅವನು ಅತ್ತ. "ಏನೂ ನೋವಾಗಲ್ಲ ಕಂದಾ" ಅಂದುಬಿಟ್ಟೆ. ನೋವಾಯಿತು. ವಾಪಸ್ ಬಂದವನು ಗೋಡೆ ಕಡೆ ತಿರುಗಿ ಮಲಗಿದ. ನನ್ನ ಜೊತೆ ಮಾತಾಡಲಿಲ್ಲ.

ಮರುದಿನ ನರ್ಸ್ ಒಬ್ಬರು ಅವನಿಗೆ ಸೂಜಿಯಿಲ್ಲದ ಸಿರಿಂಜ್, ಒಂದು ಪ್ಲಾಸ್ಟಿಕ್ ಗೊಂಬೆ ಕೊಟ್ಟು, "ಡಾಕ್ಟರೇ, ಈ ಪಾಪುಗೆ ಇಂಜೆಕ್ಷನ್ ಕೊಡಿ" ಎಂದರು. ಅವನು ಗೊಂಬೆಗೆ ಹೇಳಿದ: "ನೋವಾಗುತ್ತೆ. ಆದ್ರೆ ಬೇಗ ಮುಗಿಯುತ್ತೆ, ನಾನಿದ್ದೀನಿ." ನಾನು ಹೇಳಬೇಕಾಗಿದ್ದ ಮಾತು ಅದು.

ಆಮೇಲೆ ಈ ವಿಷಯ ಹುಡುಕಿ ಓದಿದೆ. ವಿಯೆನ್ನಾದಲ್ಲಿ ಹುಟ್ಟಿದ ಎಮ್ಮಾ ಪ್ಲಾಂಕ್ ನಮ್ಮ ಹಾಗೆ ಶಿಕ್ಷಕಿ. ಅವರು 1955ರಲ್ಲಿ ಅಮೆರಿಕದ ಕ್ಲೀವ್‌ಲ್ಯಾಂಡಿನ ಆಸ್ಪತ್ರೆಯಲ್ಲಿ ಮಕ್ಕಳ ಆಟ, ಪಾಠಕ್ಕೆಂದೇ ಒಂದು ವ್ಯವಸ್ಥೆ ಕಟ್ಟಿದರು. ಎಂಆರ್‌ಐ ಯಂತ್ರಗಳ ವಿನ್ಯಾಸಗಾರ ಡಗ್ ಡೀಟ್ಜ್, ತಾನೇ ರೂಪಿಸಿದ ಯಂತ್ರದ ಮುಂದೆ ಪುಟ್ಟ ಹುಡುಗಿ ಅಳುವುದನ್ನು ಕಂಡರು. ನಂತರ ಅವರ ತಂಡ ಆ ಕೋಣೆಗೆ ಬಣ್ಣ ಬಳಿದು ಕಡಲ್ಗಳ್ಳರ ಹಡಗು ಮಾಡಿತು. ಯಂತ್ರದ ಸದ್ದು ಕಥೆಯ ಭಾಗವಾಯಿತು. ಮದ್ದು ಕೊಟ್ಟು ಮಲಗಿಸಬೇಕಾದ ಮಕ್ಕಳು ಕಡಿಮೆಯಾದರು. ಸಿಯಾಟಲ್‌ನಲ್ಲಿ ಸುಟ್ಟಗಾಯದ ರೋಗಿಗಳಿಗೆ 'ಸ್ನೋವರ್ಲ್ಡ್' ಎಂಬ ವರ್ಚುವಲ್ ರಿಯಾಲಿಟಿ ಆಟ ಮಾಡಿದರು. ಗಾಯ ತೊಳೆಯುವಾಗ ರೋಗಿ ಹಿಮದ ಕಣಿವೆಯಲ್ಲಿ ಹಿಮದುಂಡೆ ಎಸೆಯುತ್ತಿರುತ್ತಾನೆ. ಗಮನ ಅತ್ತ ಹೋದಷ್ಟೂ ನೋವು ಕಡಿಮೆ ಅನಿಸುತ್ತದೆ.

ನಮ್ಮಲ್ಲಿ ಅಷ್ಟು ದುಡ್ಡಿಲ್ಲ. ಆದರೆ ಮೊಬೈಲ್ ಇದೆ. ಶನಿವಾರ ಶಾಲೆಯ ಮೈದಾನದಿಂದ ವಿಡಿಯೋ ಕಾಲ್ ಮಾಡಿದೆವು. ಮಕ್ಕಳು ಕ್ರಿಕೆಟ್ ಆಡಿದರು, ಅವನು ಹಾಸಿಗೆಯಿಂದಲೇ ಅಂಪೈರ್. ಗೆಳೆಯನಿಗೆ ಔಟ್ ಕೊಟ್ಟ, ದೊಡ್ಡ ಜಗಳವೇ ಆಯಿತು. ಅವತ್ತು ಅವನು ರೋಗಿಯಾಗಿರಲಿಲ್ಲ, ನಮ್ಮ ಐದನೇ ಕ್ಲಾಸಿನ ಹುಡುಗನಾಗಿದ್ದ. ಅಂದೇ ನನ್ನ ಜೊತೆಗೂ ಮಾತು ಬಿಟ್ಟದ್ದು ಮುಗಿಯಿತು.

ಈ ಕಾಯಿಲೆಯ ಅನೇಕ ಮಕ್ಕಳು ಇಂದು ಗುಣವಾಗುತ್ತಾರೆ. ಅವನು ಆಗಲಿಲ್ಲ. ಆಟ ರೋಗ ವಾಸಿ ಮಾಡುವುದಿಲ್ಲ, ಔಷಧದ ಬದಲಿಗೂ ಅಲ್ಲ. ಆದರೆ ಅವನ ಅಮ್ಮ ಈಗಲೂ ಸಿಕ್ಕಾಗ ಆ ಔಟ್ ಬಗ್ಗೆಯೇ ಮಾತಾಡುತ್ತಾರೆ.

ಪೋಷಕರೇ, ಮಗುವಿಗೆ ಸುಳ್ಳು ಹೇಳಬೇಡಿ. ಫೋನ್ ಕೈಗಿಟ್ಟು ಎದ್ದು ಹೋಗಬೇಡಿ, ಜೊತೆಗೆ ಕೂತು ಆಡಿ. ಕೀಮೋಥೆರಪಿಯಲ್ಲಿರುವ ಮಗುವಿಗೆ ಸೋಂಕು ಬೇಗ ತಗಲುತ್ತದೆ; ಆಟಿಕೆ ಒಯ್ಯುವ ಮುನ್ನ ನರ್ಸನ್ನು ಕೇಳಿ, ತೊಳೆಯಲು ಬರುವಂಥದ್ದನ್ನೇ ಒಯ್ಯಿರಿ.

ಟ್ರಸ್ಟಿನವರಲ್ಲಿ ಒಂದು ವಿನಂತಿ: ಚಿಕಿತ್ಸೆಗೆ ಕೊಡುವ ನೆರವಿನ ಜೊತೆಗೆ ಒಂದು ಆಟಿಕೆ ಪೆಟ್ಟಿಗೆಯನ್ನೂ ಕೊಡಿ. ಮಕ್ಕಳೇ, ನಿಮ್ಮಲ್ಲಿ ನರ್ಸಿಂಗ್, ಲ್ಯಾಬ್ ಟೆಕ್ನಾಲಜಿ ಓದುವವರಿದ್ದೀರಿ. ನಾಳೆ ಸೂಜಿ ಹಿಡಿಯುವ ಕೈ ನಿಮ್ಮದು. ಇನ್ನೊಂದು ಕೈಯಲ್ಲಿ ಗೊಂಬೆಯೂ ಇರಲಿ.