ತಟಸ್ಥ ತಂತಿಯ ಗಾತ್ರ: ಅಲಕ್ಷ್ಯ ಸಲ್ಲದು

ಬಹುಮಹಡಿ ವಸತಿ ಕಟ್ಟಡಗಳಲ್ಲಿ ಕೆಲವೊಮ್ಮೆ ವಿಚಿತ್ರವೆನಿಸುವ ಸಂಗತಿಯೊಂದು ಕಂಡುಬರುತ್ತದೆ. ಒಂದು ಮನೆಯ ದೀಪಗಳು ಮಂಕಾಗುತ್ತವೆ. ಅದೇ ಕ್ಷಣದಲ್ಲಿ ಪಕ್ಕದ ಮನೆಯ ದೀಪಗಳು ಪ್ರಖರವಾಗಿ ಉರಿದು, ಟಿ.ವಿ., ಫ್ರಿಜ್‌ಗಳು ಸುಟ್ಟುಹೋಗುತ್ತವೆ. ಹೊರಗಿನಿಂದಲೇ ಹೆಚ್ಚು ವೋಲ್ಟೇಜ್ ಬಂದಿತೆಂದು ಜನರು ಭಾವಿಸುತ್ತಾರೆ. ಆದರೆ ಪ್ಯಾನೆಲ್ಲಿನ ಬಾಗಿಲು ತೆರೆದಾಗ ಅನೇಕ ಸಲ ಕಾಣುವುದು ಕಾದು ಕಪ್ಪಾಗಿ ಕಡಿದುಹೋದ ನ್ಯೂಟ್ರಲ್, ಅಂದರೆ ತಟಸ್ಥ ತಂತಿ. ಈ ತಂತಿಯ ಗಾತ್ರವನ್ನು ನಿರ್ಧರಿಸುವ ಬಗೆಯನ್ನು ಸಾಮಾನ್ಯ ಬಳಕೆದಾರರೂ ತಿಳಿದಿರುವುದು ಅಗತ್ಯ.

ನಮ್ಮ ದೇಶದಲ್ಲಿ ವಿತರಣಾ ಟ್ರಾನ್ಸ್‌ಫಾರ್ಮರು ಸಾಮಾನ್ಯವಾಗಿ 11,000 ವೋಲ್ಟ್ ವಿದ್ಯುತ್ತನ್ನು, ಹೊರೆಯಿಲ್ಲದ ಸ್ಥಿತಿಯಲ್ಲಿ, 433 ವೋಲ್ಟ್‌ಗೆ ಇಳಿಸುತ್ತದೆ. ಅದರಿಂದ ಮೂರು ಫೇಸ್ ತಂತಿಗಳೂ ಒಂದು ತಟಸ್ಥ ತಂತಿಯೂ ಪ್ಯಾನೆಲ್ಲಿಗೆ ಬರುತ್ತವೆ. ಬಳಕೆಯ ಸ್ಥಳದಲ್ಲಿ ಎರಡು ಫೇಸ್‌ಗಳ ನಡುವೆ ಸುಮಾರು 400 ವೋಲ್ಟ್, ಒಂದು ಫೇಸ್ ಮತ್ತು ತಟಸ್ಥದ ನಡುವೆ ಸುಮಾರು 230 ವೋಲ್ಟ್ ದೊರೆಯುತ್ತದೆ. ಮನೆಯ ದೀಪ, ಪಂಖಗಳೆಲ್ಲ ನಡೆಯುವುದು ಈ 230 ವೋಲ್ಟ್‌ನಿಂದಲೇ.

ಮೂರೂ ಫೇಸ್‌ಗಳ ಮೇಲೆ ಒಂದೇ ಬಗೆಯ ಸಮನಾದ ಹೊರೆಯಿದ್ದರೆ ಹಿಂದಿರುಗುವ ಪ್ರವಾಹಗಳು ಪರಸ್ಪರ ರದ್ದಾಗಿ ತಟಸ್ಥ ತಂತಿಯಲ್ಲಿ ಪ್ರವಾಹವೇ ಇರುವುದಿಲ್ಲ. ಫೇಸ್‌ಗಳಲ್ಲಿ ಕ್ರಮವಾಗಿ 40, 30, 20 ಆಂಪಿಯರ್ ಹರಿಯುತ್ತಿದ್ದರೂ, ಹೊರೆಗಳು ಹೀಟರಿನಂಥವಾದರೆ ತಟಸ್ಥದಲ್ಲಿ ಹರಿಯುವುದು ಸುಮಾರು 17 ಆಂಪಿಯರ್ ಮಾತ್ರ. ಈ ಕಾರಣದಿಂದಲೇ 'ಮೂರೂವರೆ ಕೋರ್' ಕೇಬಲ್ ಬಳಕೆಗೆ ಬಂದಿತು. ಅದರಲ್ಲಿ ಫೇಸ್ ತಂತಿ 70 ಚದರ ಮಿ.ಮೀ. ಇದ್ದರೆ ತಟಸ್ಥ ತಂತಿ 35 ಚದರ ಮಿ.ಮೀ. ಇರುತ್ತದೆ. ಮೋಟಾರುಗಳೇ ಪ್ರಧಾನವಾದ ಕಾರ್ಖಾನೆಗೆ ಇದು ಒಪ್ಪುವಂಥದು.

ವಸತಿ ಕಟ್ಟಡಗಳ ಸ್ಥಿತಿ ಬೇರೆ. ಅಲ್ಲಿ ಒಂದು ಫೇಸ್‌ನ ಮನೆಗಳಲ್ಲಿ ಗೀಸರುಗಳು ನಡೆಯುತ್ತಿರುವಾಗ ಉಳಿದ ಫೇಸ್‌ಗಳ ಮನೆಗಳು ಬೀಗ ಹಾಕಿರಬಹುದು. ಒಂದೇ ಫೇಸ್‌ನಲ್ಲಿ 40 ಆಂಪಿಯರ್ ಹರಿದರೆ ಅಷ್ಟೂ ತಟಸ್ಥದ ಮೂಲಕವೇ ಹಿಂದಿರುಗಬೇಕು.

ಇದಕ್ಕೂ ಮಿಗಿಲಾದ ಕಾರಣ ಇಂದಿನ ಉಪಕರಣಗಳ ಸ್ವಭಾವ. ಕಂಪ್ಯೂಟರ್, ಯು.ಪಿ.ಎಸ್., ಎಲ್.ಇ.ಡಿ. ದೀಪ ಮೊದಲಾದವು ಪ್ರವಾಹವನ್ನು ಸರಾಗವಾದ ಅಲೆಯಾಗಿ ಎಳೆಯದೆ ತುಣುಕುತುಣುಕಾಗಿ ಎಳೆಯುತ್ತವೆ. ಇದರಿಂದ 50 ಹರ್ಟ್ಸ್‌ನ ಮೂಲ ಅಲೆಯೊಡನೆ 150 ಹರ್ಟ್ಸ್‌ನ ಮೂರನೆಯ ಹಾರ್ಮೋನಿಕ್ ಅಲೆಯೂ ಹುಟ್ಟುತ್ತದೆ. ಮೂರು ಫೇಸ್‌ಗಳ ಈ ಅಲೆಗಳು ತಟಸ್ಥದಲ್ಲಿ ರದ್ದಾಗುವುದಿಲ್ಲ, ಒಂದಕ್ಕೊಂದು ಕೂಡಿಕೊಳ್ಳುತ್ತವೆ. ಹೊರೆ ಸಮನಾಗಿ ಹಂಚಿಕೆಯಾಗಿದ್ದರೂ ತಟಸ್ಥ ತಂತಿ ಕಾಯುವುದು ಇದರಿಂದಲೇ.

ಉದಾಹರಣೆಗೆ, ಪ್ರತಿ ಫೇಸ್‌ನಲ್ಲಿ 50 ಆಂಪಿಯರ್ ಹರಿಯುತ್ತಿದ್ದು, ಅದರಲ್ಲಿ ಶೇಕಡ 40ರಷ್ಟು ಮೂರನೆಯ ಹಾರ್ಮೋನಿಕ್ ಇದೆಯೆನ್ನೋಣ. ಪ್ರತಿ ಫೇಸ್‌ನಿಂದ 20ರಂತೆ ತಟಸ್ಥದಲ್ಲಿ 60 ಆಂಪಿಯರ್ ಹರಿಯುತ್ತದೆ. ನಾಲ್ಕನೆಯ ತಂತಿಯೂ ಕಾಯುವುದರಿಂದ ಕೇಬಲಿನ ಸಾಮರ್ಥ್ಯವನ್ನು 0.86ರಿಂದ ಗುಣಿಸಿ ತಗ್ಗಿಸಬೇಕೆಂದು ಅಂತಾರಾಷ್ಟ್ರೀಯ ವಿದ್ಯುತ್ ತಾಂತ್ರಿಕ ಆಯೋಗದ ಮಾನಕ ತಿಳಿಸುತ್ತದೆ. 60ನ್ನು 0.86ರಿಂದ ಭಾಗಿಸಿದರೆ ಸುಮಾರು 70. ಎಂದರೆ 50 ಆಂಪಿಯರ್ ಹೊರೆಗೆ 70 ಆಂಪಿಯರ್ ತಾಳುವ ಕೇಬಲ್ ಬೇಕು.

ಇದೇ ಮಾನಕದಂತೆ, ಮೂರು ಫೇಸ್ ವ್ಯವಸ್ಥೆಯಲ್ಲಿ ಫೇಸ್ ತಂತಿ ತಾಮ್ರದ್ದಾದರೆ 16, ಅಲ್ಯೂಮಿನಿಯಮ್‌ನದಾದರೆ 25 ಚದರ ಮಿ.ಮೀ.ವರೆಗೆ ತಟಸ್ಥವೂ ಅಷ್ಟೇ ಗಾತ್ರದ್ದಿರಬೇಕು. ಒಂದೇ ಫೇಸ್‌ನ ಸಂಪರ್ಕದಲ್ಲಿ ಗಾತ್ರ ಎಷ್ಟೇ ಇರಲಿ, ಎರಡೂ ಸಮನಾಗಿರಬೇಕು. ಹಾರ್ಮೋನಿಕ್ ಅಂಶ ಶೇಕಡ 33ನ್ನು ಮೀರಿದರೆ ತಟಸ್ಥದ ಪ್ರವಾಹವನ್ನೇ ಆಧಾರವಾಗಿಟ್ಟುಕೊಂಡು ಗಾತ್ರವನ್ನು ಲೆಕ್ಕಹಾಕಬೇಕು. 100 ಕೆ.ವಿ.ಎ. ಟ್ರಾನ್ಸ್‌ಫಾರ್ಮರಿನ ಪೂರ್ಣ ಹೊರೆಯ ಪ್ರವಾಹ ಸುಮಾರು 133 ಆಂಪಿಯರ್. ವಸತಿ ಮತ್ತು ಕಚೇರಿ ಕಟ್ಟಡಗಳಲ್ಲಿ ಅದರ ಪ್ಯಾನೆಲ್ಲಿನ ತಟಸ್ಥ ಪಟ್ಟಿಯೂ ಕನಿಷ್ಠ ಅಷ್ಟನ್ನು ತಾಳುವಂತಿರುವುದು ಕ್ಷೇಮ.

ತಟಸ್ಥ ಕಡಿದರೆ ಆಗುವುದೇನು? ಎರಡು ಫೇಸ್‌ಗಳ ಮೇಲಿರುವ ಎರಡು ಮನೆಗಳು 400 ವೋಲ್ಟ್ ನಡುವೆ ಒಂದರ ಹಿಂದೊಂದರಂತೆ ಸರಣಿಯಾಗಿ ಸೇರಿಬಿಡುತ್ತವೆ. ಒಂದರಲ್ಲಿ 2,000 ವ್ಯಾಟ್, ಇನ್ನೊಂದರಲ್ಲಿ 500 ವ್ಯಾಟ್ ಹೊರೆಯಿದ್ದರೆ ಮೊದಲನೆಯದಕ್ಕೆ 80 ವೋಲ್ಟ್, ಎರಡನೆಯದಕ್ಕೆ 320 ವೋಲ್ಟ್ ಬೀಳುತ್ತದೆ. ಕಡಿಮೆ ಬಳಸುವ ಮನೆಯೇ ಹೆಚ್ಚು ಹಾನಿಗೊಳಗಾಗುತ್ತದೆ. ಬೆಂಕಿಯ ಅಪಾಯವೂ ತಪ್ಪಿದ್ದಲ್ಲ. ಆದ್ದರಿಂದಲೇ ತಟಸ್ಥ ತಂತಿಯಲ್ಲಿ ಪ್ರತ್ಯೇಕ ಫ್ಯೂಸನ್ನಾಗಲಿ, ಫೇಸ್‌ಗಳೊಡನೆ ಕೂಡಿಕೊಳ್ಳದ ಒಂಟಿ ಸ್ವಿಚ್ಚನ್ನಾಗಲಿ ಇಡಬಾರದೆಂದು 1956ರ ಭಾರತೀಯ ವಿದ್ಯುತ್ ನಿಯಮಗಳು ವಿಧಿಸಿದ್ದವು. ಆ ತತ್ತ್ವ ಇಂದಿಗೂ ಪಾಲನೆಗೆ ಯೋಗ್ಯ.

ಗೃಹನಿರ್ಮಾಣ ಸಂಘಗಳು ಹಳೆಯ ಪ್ಯಾನೆಲ್ಲಿಗೆ ಹೊಸ ಹೊರೆಗಳನ್ನು ಸೇರಿಸುವ ಮುನ್ನ, ಪರವಾನಗಿ ಪಡೆದ ಗುತ್ತಿಗೆದಾರರಿಂದ ತಟಸ್ಥ ತಂತಿಯ ಪ್ರವಾಹವನ್ನೂ ಕ್ಲ್ಯಾಂಪ್ ಮೀಟರಿನಿಂದ ಅಳೆಯಿಸಬೇಕು. ಜೋಡಣೆಗಳು ಬಿಗಿಯಾಗಿವೆಯೇ ಎಂಬುದನ್ನು ವರ್ಷಕ್ಕೊಮ್ಮೆಯಾದರೂ, ವಿದ್ಯುತ್ತನ್ನು ಕಡಿತಗೊಳಿಸಿ, ಪರೀಕ್ಷಿಸಬೇಕು. ತಂತಿಯಲ್ಲಿ ಉಳಿಸಿದ ಹಣ ಒಂದೇ ರಾತ್ರಿಯಲ್ಲಿ ಹತ್ತಾರು ಮನೆಗಳ ಉಪಕರಣಗಳನ್ನು ಬಲಿ ತೆಗೆದುಕೊಳ್ಳಬಲ್ಲದು. ಹೆಸರಿಗೆ ತಟಸ್ಥವಾದರೂ ಈ ತಂತಿ ಹೊರುವ ಹೊಣೆ ಸಣ್ಣದಲ್ಲ.